ದೂರದ ಬೆಟ್ಟವನ್ನು ಆರಿಸುವ ಮುನ್ನ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮಲೆನಾಡಿನ ಇಳಿಜಾರುಗಳಲ್ಲಿ, ಘಟ್ಟದ ಕೆಳಗಿನ ಅಡಕೆ ತೋಟಗಳ ನಡುವೆ ಹುಟ್ಟಿ, ಹೊಟ್ಟೆಪಾಡಿಗಾಗಿ ಮುಂಬಯಿ, ಪುಣೆಗಳನ್ನು ಸೇರಿದ ಹಿರಿಯರಿಗೆ ಬೆಟ್ಟವು ಸಾಹಸದ ವಸ್ತುವಾಗಿರಲಿಲ್ಲ. ಸೊಪ್ಪುಸೌದೆಗಾಗಿ ಏರುವ, ಶಾಲೆಗಾಗಿ ದಾಟುವ, ಜಾತ್ರೆಗಾಗಿ ಹತ್ತಿಳಿಯುವ ನಿತ್ಯದ ನೆಲ ಅದಾಗಿತ್ತು. ಅವರ ಮಕ್ಕಳು, ಮೊಮ್ಮಕ್ಕಳು ಬೆಳೆದದ್ದು ಲಿಫ್ಟು ಇರುವ ಕಟ್ಟಡಗಳಲ್ಲಿ. ವಾರದ ಐದಾರು ದಿನಗಳನ್ನು ಕುರ್ಚಿಯ ಮೇಲೂ ಲೋಕಲ್ ರೈಲಿನಲ್ಲೂ ಕಳೆಯುವ ಈ ತಲೆಮಾರಿಗೆ ಬೆಟ್ಟದ ಮೇಲೆ ಹೊಸ ಮೋಹ ಹುಟ್ಟಿದೆ. ಈ ಮೋಹ ಒಳ್ಳೆಯದೇ. ಹೃದಯ, ಶ್ವಾಸಕೋಶ, ಸ್ನಾಯು, ಮನಸ್ಸು ಇವೆಲ್ಲಕ್ಕೂ ಏಕಕಾಲದಲ್ಲಿ ಹಿತವನ್ನುಂಟುಮಾಡುವ ವ್ಯಾಯಾಮಗಳಲ್ಲಿ ಗಿರಿಚಾರಣಕ್ಕೆ ಸಮನಾದದ್ದು ವಿರಳ.

ಆದರೆ ಯಾವ ಬೆಟ್ಟವನ್ನು ಹತ್ತಬೇಕೆಂಬ ನಿರ್ಧಾರ ಈಗ ಬಹುಮಟ್ಟಿಗೆ ಒಂದು ಸುಂದರ ಛಾಯಾಚಿತ್ರದ ಮೇಲೆ, ಇಲ್ಲವೇ ಗೆಳೆಯರ ಉತ್ಸಾಹದ ಮೇಲೆ ನಿಂತಿರುತ್ತದೆ. ಹೆಣ್ಣುಗಂಡು ನೋಡುವಾಗ ಹತ್ತು ಕಡೆ ವಿಚಾರಿಸುವ ಮನೆಯವರೇ ಬೆಟ್ಟ ನೋಡುವಾಗ ಒಂದು ಕಡೆಯೂ ವಿಚಾರಿಸುವುದಿಲ್ಲ. ಈ ಉದಾಸೀನಕ್ಕೆ ಕೆಲವೊಮ್ಮೆ ತೆರಬೇಕಾದ ಬೆಲೆ ಬಹಳ ದೊಡ್ಡದು. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಸರೋವರದ ದಾರಿಯಲ್ಲಿ ಕರ್ನಾಟಕದಿಂದ ಹೋದ ಚಾರಣಿಗರಿದ್ದ 22 ಮಂದಿಯ ತಂಡವೊಂದು ಹಿಮಗಾಳಿಗೆ ಸಿಲುಕಿ, ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಅವರೇನೂ ಬೆಟ್ಟವನ್ನು ಕಾಣದವರಾಗಿರಲಿಲ್ಲ. ಅವರಲ್ಲಿ ಅನುಭವಿಗಳೂ ಇದ್ದರು. ಅನುಭವಿಗಳಿಗೂ ಬೆಟ್ಟ ಇಷ್ಟು ನಿಷ್ಠುರವಾಗಬಲ್ಲುದಾದರೆ, ಮೊದಲ ಸಲ ಹೊರಡುವವರು ಎಷ್ಟು ಎಚ್ಚರದಿಂದ ಆಯ್ಕೆ ಮಾಡಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎತ್ತರದ ಅಂಕಿ ಹೇಳದ ಸತ್ಯ

ಬೆಟ್ಟದ ಹೆಸರಿನ ಪಕ್ಕದಲ್ಲಿ ಬರೆದಿರುವ ಎತ್ತರವನ್ನು ನೋಡಿಯೇ ಕಷ್ಟವನ್ನು ಅಳೆಯುವುದು ಸಾಮಾನ್ಯರ ರೂಢಿ. ಈ ಅಳತೆ ದಾರಿ ತಪ್ಪಿಸುತ್ತದೆ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಸುಮಾರು 1,930 ಮೀಟರು ಎತ್ತರವಿದ್ದು, ಕರ್ನಾಟಕದ ಅತ್ಯುನ್ನತ ಶಿಖರವೆನಿಸಿದೆ. ಆದರೂ ವಾಹನವು ತುದಿಯ ಸಮೀಪದವರೆಗೆ ಹೋಗುವುದರಿಂದ ಉಳಿದ ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಿದರೆ ಮುಗಿಯಿತು. ಕುಮಾರಪರ್ವತ ಇದಕ್ಕಿಂತ ತಗ್ಗು, 1,712 ಮೀಟರು. ಆದರೆ ಸಮುದ್ರಮಟ್ಟಕ್ಕಿಂತ ಹೆಚ್ಚೇನೂ ಮೇಲಿಲ್ಲದ ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟವನು 1,500 ಮೀಟರಿಗೂ ಮಿಕ್ಕಿದ ಏರನ್ನು ಸ್ವಂತ ಕಾಲಿನಿಂದಲೇ ಏರಬೇಕು. ಹೋಗಿಬರುವ ದಾರಿ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಎತ್ತರದ ಅಂಕಿಯನ್ನು ನಂಬಿದವನು ಕಠಿಣವಾದದ್ದನ್ನು ಸುಲಭವೆಂದೂ ಸುಲಭವಾದದ್ದನ್ನು ಕಠಿಣವೆಂದೂ ತಿಳಿಯುವ ಸಂಭವವುಂಟು.

ಆದ್ದರಿಂದ ಬೆಟ್ಟವನ್ನು ಮೂರು ಬಗೆಯಲ್ಲಿ ಅಳೆಯಬೇಕು. ಮೊದಲನೆಯದು ಏರಿಕೆ, ಅಂದರೆ ಬುಡದಿಂದ ತುದಿಯವರೆಗೆ ಒಂದು ದಿನದಲ್ಲಿ ಎಷ್ಟು ಮೀಟರು ಮೇಲೇರಬೇಕಾಗುತ್ತದೆ ಎಂಬುದು. ಇದು ಹೃದಯ ಮತ್ತು ಮಂಡಿಗಳಿಗೆ ಸಂಬಂಧಿಸಿದ ಲೆಕ್ಕ. ಎರಡನೆಯದು ಮಲಗುವ ಎತ್ತರ. ಅಂದರೆ ರಾತ್ರಿ ತಂಗುವ ಸ್ಥಳ ಸಮುದ್ರಮಟ್ಟದಿಂದ ಎಷ್ಟು ಮೇಲಿದೆ ಎಂಬುದು. ಇದು ರಕ್ತಕ್ಕೆ ದೊರೆಯುವ ಆಮ್ಲಜನಕದ ಲೆಕ್ಕ. ಮೂರನೆಯದು ಹಿಂದಿರುಗುವ ದಾರಿ. ನಡುದಾರಿಯಲ್ಲಿ ಒಬ್ಬನ ಕಾಲು ಉಳುಕಿದರೆ, ಒಬ್ಬಳಿಗೆ ಎದೆನೋವು ಕಾಣಿಸಿಕೊಂಡರೆ, ರಸ್ತೆಯನ್ನೂ ವೈದ್ಯನನ್ನೂ ತಲುಪಲು ಎಷ್ಟು ಹೊತ್ತು ಬೇಕು? ಈ ಮೂರನೆಯ ಅಳತೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಆದರೆ ಜೀವ ಉಳಿಸುವ ಅಳತೆ ಬಹುಪಾಲು ಇದೇ ಆಗಿರುತ್ತದೆ.

ಬೆಟ್ಟಕ್ಕಿಂತ ಮೊದಲು ದೇಹ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದು ಹಣಕಾಸಿಗೆ ಮಾತ್ರ ಅನ್ವಯಿಸುವ ಮಾತಲ್ಲ. ಗುಂಪಿನಲ್ಲಿ ಹೊರಡುವಾಗ ಅತ್ಯಂತ ದೃಢಕಾಯನ ಶಕ್ತಿಯನ್ನು ನೋಡಿ ಬೆಟ್ಟವನ್ನು ಆರಿಸಬಾರದು. ಅತ್ಯಂತ ದುರ್ಬಲನ ಶಕ್ತಿಯನ್ನು ನೋಡಿ ಆರಿಸಬೇಕು. ಸಂಘದ ವತಿಯಿಂದ ಕುಟುಂಬಗಳು ಕೂಡಿ ಹೋಗುವಾಗ ಈ ನಿಯಮವನ್ನು ಮುಖ್ಯವಾಗಿ ಪಾಲಿಸತಕ್ಕದ್ದು.

ನಲವತ್ತು ದಾಟಿದವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರು, ಧೂಮಪಾನಿಗಳು, ಮನೆತನದಲ್ಲಿ ಹೃದ್ರೋಗದ ಇತಿಹಾಸವುಳ್ಳವರು ಕಠಿಣ ಚಾರಣಕ್ಕೆ ಒಪ್ಪುವ ಮೊದಲೇ ವೈದ್ಯರನ್ನು ಕಾಣುವುದು ಒಳ್ಳೆಯದು. ಅಗತ್ಯ ಕಂಡರೆ ವೈದ್ಯರು ಹೃದಯದ ಪರೀಕ್ಷೆಗಳನ್ನು ಸೂಚಿಸುವರು. ಮಧುಮೇಹಿಗಳಿಗೆ ಎರಡು ಅಪಾಯಗಳುಂಟು. ದಿನವಿಡೀ ನಡೆದಾಗ ರಕ್ತದ ಸಕ್ಕರೆ ಥಟ್ಟನೆ ಇಳಿಯಬಹುದು. ಆದ್ದರಿಂದ ಬೆಲ್ಲ, ಸಕ್ಕರೆ ಅಥವಾ ಗ್ಲೂಕೋಸು ಚೀಲದ ತಳದಲ್ಲಿರದೆ ಕೈಗೆ ಎಟುಕುವ ಜೇಬಿನಲ್ಲಿರಬೇಕು. ಇನ್ನು ಹಿಮದ ಸೀಮೆಯಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿದರೆ ಅದು ಬಳಕೆಗೆ ಬಾರದು. ಅದನ್ನು ಮೈಗೆ ತಾಗಿದಂತೆ, ಬಟ್ಟೆಯ ಒಳಪದರದಲ್ಲಿ ಇಟ್ಟುಕೊಳ್ಳಬೇಕು. ಉಬ್ಬಸವಿರುವವರು ತಮ್ಮ ಇನ್‌ಹೇಲರನ್ನು ಮರೆಯಬಾರದು. ಹೆಂಗಸರಲ್ಲಿ ಸಾಮಾನ್ಯವಾದ ರಕ್ತಹೀನತೆಯನ್ನು ಮೊದಲೇ ಪರೀಕ್ಷಿಸಿ ಸರಿಪಡಿಸಿಕೊಂಡರೆ ಏರುದಾರಿಯ ಏದುಸಿರು ಎಷ್ಟೋ ಕಡಿಮೆಯಾಗುತ್ತದೆ.

ಮಂಡಿಯ ನೋವು ಏರುವಾಗ ಮಾತ್ರ ಕಾಡುವುದೆಂದು ತಿಳಿದವರು ಬಹಳ. ನಿಜವಾಗಿ ಮಂಡಿಯ ಮೇಲೆ ಹೆಚ್ಚಿನ ಭಾರ ಬೀಳುವುದು ಇಳಿಯುವಾಗ. ಏರುವಾಗ ಉಸಿರು ಸೋಲುತ್ತದೆ; ಇಳಿಯುವಾಗ ಕಾಲು ಸೋಲುತ್ತದೆ. ಅಪಘಾತಗಳೂ ದಣಿದ ಕಾಲುಗಳಿಂದ, ಇಳಿಜಾರಿನಲ್ಲಿ, ಸಂಜೆಗತ್ತಲಲ್ಲಿ ಆಗುವುದು ಹೆಚ್ಚು. ಒಂದು ಗಟ್ಟಿಯಾದ ಊರುಗೋಲು ಈ ಭಾರವನ್ನು ಹಂಚಿಕೊಳ್ಳುತ್ತದೆ. ಅದನ್ನು ಹಿಡಿಯಲು ನಾಚಬೇಕಾಗಿಲ್ಲ.

ಸಿದ್ಧತೆಗೆ ದುಬಾರಿಯ ವ್ಯಾಯಾಮಶಾಲೆ ಬೇಕಿಲ್ಲ. ಮಹಾನಗರದಲ್ಲಿ ಮೆಟ್ಟಿಲುಗಳಿಗೆ ಕೊರತೆಯೆಲ್ಲಿದೆ? ಆರರಿಂದ ಎಂಟು ವಾರ ಲಿಫ್ಟನ್ನು ಬಿಟ್ಟು, ರೈಲು ನಿಲ್ದಾಣದ ಮೇಲ್ಸೇತುವೆಯನ್ನೇ ಬೆಟ್ಟವೆಂದು ಭಾವಿಸಿ, ಕೊನೆಯ ವಾರಗಳಲ್ಲಿ ಐದಾರು ಕಿಲೋ ಭಾರದ ಚೀಲವನ್ನು ಬೆನ್ನಿಗೇರಿಸಿ ಅಭ್ಯಾಸ ಮಾಡಿದರೆ ಸಾಕು. ವೇಗದ ಬಗೆಗೆ ಒಂದು ಸರಳ ಪರೀಕ್ಷೆಯುಂಟು. ಏರುವಾಗ ಪಕ್ಕದವರೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾದರೆ ನಡಿಗೆಯ ವೇಗ ಸರಿಯಾಗಿದೆ. ಒಂದೊಂದು ಶಬ್ದಕ್ಕೂ ಉಸಿರು ಎಳೆಯಬೇಕಾದರೆ ವೇಗ ತಗ್ಗಿಸಬೇಕು.

ಮನೆಬಾಗಿಲಿನ ಸಹ್ಯಾದ್ರಿ

ಮುಂಬಯಿ, ಪುಣೆಗಳ ಕನ್ನಡಿಗರಿಗೆ ಒಂದು ಭಾಗ್ಯವಿದೆ. ಬಾಲ್ಯದಲ್ಲಿ ಅವರು ಕಂಡ ಪಶ್ಚಿಮ ಘಟ್ಟವೇ ಇಲ್ಲಿಯೂ ಬಾಗಿಲಿಗೆ ಬಂದು ನಿಂತಿದೆ. ಹೊಸಬರಿಗೆ ಲೋಣಾವಳೆಯಿಂದ ರಾಜಮಾಚಿಗೆ ಹೋಗುವ ದಾರಿ ಹೇಳಿ ಮಾಡಿಸಿದಂತಿದೆ. ನಡಿಗೆ ದೂರವಾದರೂ ಏರು ಸೌಮ್ಯ. ತುದಿಯಲ್ಲಿ ಶ್ರೀವರ್ಧನ, ಮನರಂಜನ ಎಂಬ ಎರಡು ಕೋಟೆಗಳು. ಪುಣೆಯ ಸಿಂಹಗಡವಂತೂ ಆ ಊರಿನವರ ಭಾನುವಾರದ ವ್ಯಾಯಾಮಶಾಲೆ. ಕಾಲು ಸೋತವರು ಮೇಲಿನಿಂದ ವಾಹನದಲ್ಲಿ ಇಳಿಯಬಹುದಾದ್ದರಿಂದ ಮೂರನೆಯ ಅಳತೆಯಲ್ಲಿಯೂ ಅದು ತೇರ್ಗಡೆಯಾಗುತ್ತದೆ. ಇವೆರಡರಲ್ಲಿ ದೇಹವನ್ನು ಪಳಗಿಸಿದವರು ಮುಂದಿನ ಹೆಜ್ಜೆಯಾಗಿ ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ 1,646 ಮೀಟರಿನ ಕಳಸೂಬಾಯಿಯನ್ನು ಯೋಚಿಸಬಹುದು. ಬಾರೀ ಗ್ರಾಮದಿಂದ ಹೊರಡುವ ಆ ದಾರಿಯಲ್ಲಿ ಕಡಿದಾದ ಬಂಡೆಗಳಿಗೆ ಕಬ್ಬಿಣದ ಏಣಿಗಳನ್ನು ಜೋಡಿಸಲಾಗಿದೆ. ತಲೆಸುತ್ತುವ ಸ್ವಭಾವದವರು ಆ ಏಣಿಗಳನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಬೆಟ್ಟವನ್ನು ಆರಿಸಿದರೆ ಸಾಲದು, ದಾರಿಯನ್ನೂ ಆರಿಸಬೇಕೆಂಬುದಕ್ಕೆ ಹರಿಶ್ಚಂದ್ರಗಡ ಉತ್ತಮ ನಿದರ್ಶನ. ಪಾಚನೈ ಗ್ರಾಮದ ಕಡೆಯಿಂದ ಹತ್ತುವುದು ಸಾಧಾರಣ ಆರೋಗ್ಯವಂತನಿಗೆ ಕಷ್ಟವಲ್ಲ. ಖಿರೇಶ್ವರದ ದಾರಿ ಉದ್ದವಾದದ್ದು, ಬಂಡೆಗಳಿಂದ ಕೂಡಿದ್ದು. ನಳೀಚಿ ವಾಟ್ ಎಂಬ ಮೂರನೆಯದು ಬಂಡೆ ಏರುವ ಪರಿಣತಿಯುಳ್ಳವರಿಗೆ ಮಾತ್ರ ತಕ್ಕದ್ದು. ಮೂರೂ ದಾರಿಗಳು ಸೇರುವುದು ಒಂದೇ ಬೆಟ್ಟವನ್ನು. ಕಾಣಸಿಗುವುದೂ ಅದೇ ಕೊಂಕಣ ಕಡಾ ಎಂಬ ಭವ್ಯ ಪ್ರಪಾತ. ಹಾಗಿರುವಾಗ, “ಹರಿಶ್ಚಂದ್ರಗಡಕ್ಕೆ ಹೋಗುತ್ತೇವೆ” ಎಂದು ಮಗ ಹೇಳಿದರೆ “ಯಾವ ಕಡೆಯಿಂದಪ್ಪಾ?” ಎಂದು ತಂದೆತಾಯಿಗಳು ಕೇಳುವುದು ಅಧಿಕಪ್ರಸಂಗವಾಗದು.

ತವರಿನ ಗಿರಿಗಳು

ಬೇಸಗೆಯ ರಜೆಗೋ ದೀಪಾವಳಿಗೋ ಊರಿಗೆ ಹೋದಾಗ ಮಕ್ಕಳಿಗೆ ತವರಿನ ಬೆಟ್ಟಗಳನ್ನು ತೋರಿಸುವ ಆಸೆ ಸಹಜವಾದದ್ದು. ಕೊಲ್ಲೂರಿಗೆ ಹೋದವರು 1,343 ಮೀಟರಿನ ಕೊಡಚಾದ್ರಿಯನ್ನು ನೋಡಬಹುದು. ಜೀಪು ಮೇಲಿನವರೆಗೆ ಹೋಗುವುದರಿಂದ ಅಜ್ಜ ಅಜ್ಜಿಯರು ವಾಹನದಲ್ಲಿಯೂ ಮೊಮ್ಮಕ್ಕಳು ಕಾಲ್ನಡಿಗೆಯಲ್ಲಿಯೂ ಹೋಗಿ ಮೇಲೆ ಸಂಧಿಸಬಹುದು. ಕೊಡಗಿನ ಅತ್ಯುನ್ನತ ಶಿಖರವಾದ 1,748 ಮೀಟರಿನ ತಡಿಯಂಡಮೋಳ್ ಮಧ್ಯಮ ಶ್ರಮದ್ದು. ಸುಮಾರು 1,890 ಮೀಟರಿನ ಕುದುರೆಮುಖ ಪೂರ್ತಿ ಒಂದು ದಿನದ ನಡಿಗೆ. ಕುಮಾರಪರ್ವತವನ್ನು ಈ ಎಲ್ಲದರ ನಂತರವೇ ಆರಿಸುವುದು ವಿವೇಕ.

ಇವುಗಳಲ್ಲಿ ಹಲವು ರಕ್ಷಿತಾರಣ್ಯದೊಳಗಿರುವ ಬೆಟ್ಟಗಳು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಜನಜಾತ್ರೆಯೇ ನೆರೆದ ಬಳಿಕ ಮುಂಗಡ ನೋಂದಣಿ ಹಾಗೂ ದಿನದ ಮಿತಿಯ ನಿಯಮಗಳನ್ನು ಬಿಗಿಗೊಳಿಸಲಾಯಿತು. ಊರಿಗೆ ರೈಲು ಟಿಕೇಟು ಮಾಡಿಸುವಾಗಲೇ ಅರಣ್ಯ ಇಲಾಖೆಯ ಅನುಮತಿಯನ್ನೂ ವಿಚಾರಿಸಿಕೊಳ್ಳುವುದು ಮೇಲು.

ಮಲೆನಾಡಿನ ಕಾಡಿಗೆ ಸಂಬಂಧಿಸಿದ ಇನ್ನೊಂದು ಎಚ್ಚರಿಕೆಯ ಮಾತೂ ಇಲ್ಲಿ ಅವಶ್ಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ಉಣ್ಣೆಗಳ ಕಡಿತದಿಂದ ಹರಡುತ್ತದೆ. ಚಳಿಗಾಲದಿಂದ ಬೇಸಗೆಯವರೆಗೆ ಅದರ ಹಾವಳಿ ಹೆಚ್ಚು. ಮಂಗಗಳು ಸತ್ತ ಸುದ್ದಿಯಿರುವ ಕಾಡಿಗೆ ಹೋಗದಿರುವುದು, ಮೈತುಂಬ ಬಟ್ಟೆ ತೊಡುವುದು, ಹಿಂದಿರುಗಿದೊಡನೆ ಮೈಯನ್ನು ಪರೀಕ್ಷಿಸಿ ಬಿಸಿನೀರಿನ ಸ್ನಾನ ಮಾಡುವುದು ಇವು ಸುಲಭವಾದ ರಕ್ಷಣೆಗಳು. ನಗರಕ್ಕೆ ಮರಳಿದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಮುಂಬಯಿಯ ವೈದ್ಯರಿಗೆ ಅದು ತಾನಾಗಿ ಹೊಳೆಯಲಾರದು.

ಹಿಮಾಲಯದ ಕರೆ

ಸಹ್ಯಾದ್ರಿಯಲ್ಲಿ ಗಾಳಿಯ ಕೊರತೆಯ ಪ್ರಶ್ನೆಯೇ ಏಳುವುದಿಲ್ಲ. ಹಿಮಾಲಯದಲ್ಲಿ ಏಳುವ ಮೊದಲ ಪ್ರಶ್ನೆಯೇ ಅದು. 3,500 ಮೀಟರು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರತೀರದ ಒತ್ತಡದ ಮೂರನೆಯ ಎರಡು ಪಾಲಿನಷ್ಟು ಮಾತ್ರ. 5,500 ಮೀಟರಿನಲ್ಲಿ ಸುಮಾರು ಅರ್ಧ. ಪ್ರತಿ ಉಸಿರಿನಲ್ಲಿ ದೊರೆಯುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ಅದಕ್ಕೆ ದಿನಗಳು ಬೇಕು. ಆ ಅವಕಾಶ ಕೊಡದೆ ಧಾವಿಸಿದವರಿಗೆ ಪರ್ವತವ್ಯಾಧಿ ತಗಲುತ್ತದೆ. ಈ ವ್ಯಾಧಿಯ ತಿಳುವಳಿಕೆಗೆ ಭಾರತೀಯ ವೈದ್ಯರ ಕೊಡುಗೆ ದೊಡ್ಡದು. 1962ರ ಯುದ್ಧಕಾಲದಿಂದ ಬಯಲುಸೀಮೆಯ ಸೈನಿಕರನ್ನು ಶೀಘ್ರವಾಗಿ ಎತ್ತರದ ಗಡಿಗೆ ಕಳುಹಿಸಬೇಕಾಗಿ ಬಂದಿತು. ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಸೈನಿಕರನ್ನು ಕುರಿತು 1969ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಸ್ಮರಣೀಯವಾಗಿದೆ. ಕಟ್ಟುಮಸ್ತಾದ ಯೋಧರೂ ಈ ವ್ಯಾಧಿಗೆ ತುತ್ತಾದರು ಎಂಬುದರಿಂದ ದೇಹದಾರ್ಢ್ಯ ಇದಕ್ಕೆ ರಕ್ಷೆಯಲ್ಲವೆಂದು ತಿಳಿಯುತ್ತದೆ. ಚೆನ್ನಾಗಿ ಓಡಬಲ್ಲ ತರುಣರೇ ಅವಸರದಿಂದ ಏರಿ ಮೊದಲು ಬೀಳುವುದುಂಟು.

ಲಕ್ಷಣಗಳು ಸರಳವಾದವು: ತಲೆನೋವು, ವಾಕರಿಕೆ, ಊಟ ಬೇಡವೆನಿಸುವಿಕೆ, ಆಯಾಸ, ತಲೆಸುತ್ತು. ಎತ್ತರದಲ್ಲಿ ತಲೆನೋವು ಬಂದರೆ ಬೇರೆ ಕಾರಣ ಸಿದ್ಧವಾಗುವವರೆಗೂ ಅದನ್ನು ಪರ್ವತವ್ಯಾಧಿಯೆಂದೇ ಎಣಿಸಿ ಮುಂದಕ್ಕೆ ಏರುವುದನ್ನು ನಿಲ್ಲಿಸಬೇಕು. ಕುಳಿತಾಗಲೂ ಏದುಸಿರು, ಕೆಮ್ಮು, ತುಟಿ ನೀಲಿಗಟ್ಟುವುದು ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಕುಡಿದವನಂತೆ ತೂರಾಡುವುದು, ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯಲಾರದಿರುವುದು, ಅಸಂಬದ್ಧ ಮಾತು ಇವು ಮಿದುಳಿಗೆ ಬಾವು ಬಂದುದರ ಸೂಚನೆ. ಈ ಎರಡು ಸ್ಥಿತಿಗಳಲ್ಲಿಯೂ ಬೆಳಗಾಗುವುದನ್ನು ಕಾಯದೆ ರೋಗಿಯನ್ನು ಕೆಳಗಿಳಿಸುವುದೇ ಮುಖ್ಯ ಚಿಕಿತ್ಸೆ. ಆಮ್ಲಜನಕ ಹಾಗೂ ಔಷಧಗಳು ಅದಕ್ಕೆ ಪೂರಕ. ಅವನ್ನು ನೆಚ್ಚಿ ಅಲ್ಲಿಯೇ ಉಳಿಯಬಾರದು.

ತಡೆಯುವ ಮಾರ್ಗ ಒಂದು ಸರಳ ಲೆಕ್ಕದಲ್ಲಿದೆ. 3,000 ಮೀಟರಿನ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು; ಮೂರು ನಾಲ್ಕು ದಿನಗಳಿಗೊಮ್ಮೆ ಎತ್ತರ ಏರಿಸದೆ ಒಂದು ದಿನ ವಿರಮಿಸಬೇಕು. ಯಾವುದೇ ಸಂಸ್ಥೆಯ ಚಾರಣದ ವೇಳಾಪಟ್ಟಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಈ ಸಾಲನ್ನು. ರಜೆ ಸಾಲದೆಂದು ಐದು ದಿನಗಳಿಗೆ ಹಿಂಡಿದ ಏಳು ದಿನಗಳ ಚಾರಣ ಅಗ್ಗವಾಗಿ ಕಂಡರೂ ಅದನ್ನು ಬಿಡುವುದೇ ಲೇಸು. ಅಸೆಟಾಜೋಲಮೈಡ್ ಎಂಬ ಮಾತ್ರೆ ದೇಹದ ಹೊಂದಾಣಿಕೆಗೆ ನೆರವಾಗುವುದು ನಿಜ. ಆದರೆ ಸಲ್ಫಾ ಔಷಧಗಳು ಒಗ್ಗದವರು ಹಾಗೂ ಮೂತ್ರಪಿಂಡದ ತೊಂದರೆಯುಳ್ಳವರು ಇರುವುದರಿಂದ ವೈದ್ಯರ ಸಲಹೆಯಿಲ್ಲದೆ ಅದನ್ನು ನುಂಗಬಾರದು.

ಈ ಮಾತುಗಳು ಸಾಹಸಿಗಳಾದ ತರುಣರಿಗಷ್ಟೇ ಮೀಸಲಲ್ಲ. ಕೇದಾರನಾಥ ಇರುವುದು 3,583 ಮೀಟರು ಎತ್ತರದಲ್ಲಿ. ಸುಮಾರು 2,000 ಮೀಟರಿನ ಗೌರಿಕುಂಡದಿಂದ ಒಂದೇ ದಿನದಲ್ಲಿ ಅಲ್ಲಿಗೇರಿ ಅದೇ ರಾತ್ರಿ ಮಲಗುವ ಅರವತ್ತರ ಯಾತ್ರಿಕನ ದೇಹಕ್ಕೆ ಭಕ್ತಿ ಮತ್ತು ಸಾಹಸಗಳ ಭೇದ ತಿಳಿಯದು. ಹೆಲಿಕಾಪ್ಟರಿನಲ್ಲಿ ಹೋದವರಿಗೆ ಕಾಲಿನ ಶ್ರಮ ತಪ್ಪುತ್ತದೆಯೇ ಹೊರತು ಗಾಳಿಯ ಕೊರತೆ ತಪ್ಪುವುದಿಲ್ಲ. ವಿಮಾನದಲ್ಲಿ ನೇರವಾಗಿ 3,500 ಮೀಟರಿನ ಲೇಹ್‌ಗೆ ಇಳಿಯುವವರೂ ಮೊದಲ ಎರಡು ದಿನಗಳನ್ನು ವಿಶ್ರಾಂತಿಗೆ ಮುಡಿಪಾಗಿಡಬೇಕು.

ಹಿಮಾಲಯದ ಮೊದಲ ಅನುಭವಕ್ಕೆ ಧರ್ಮಶಾಲೆಯ ಬಳಿ 3,000 ಮೀಟರಿನೊಳಗೇ ಇರುವ ತ್ರಿಯುಂಡ್ ಒಳ್ಳೆಯ ಆಯ್ಕೆ. ದೆಹಲಿಯ ಕನ್ನಡಿಗರಿಗೆ ಅದು ದೂರವೂ ಅಲ್ಲ. ಅಲ್ಲಿ ಚೆನ್ನಾಗಿ ನಡೆದವರು ಹರ್ ಕೀ ದೂನ್ ಕಣಿವೆಯನ್ನು ಯೋಚಿಸಬಹುದು. ಅಲ್ಲಿಯ ದಾರಿ ಹಳ್ಳಿಗಳ ಮೂಲಕ ನಿಧಾನವಾಗಿ ಏರುವುದರಿಂದ ದೇಹಕ್ಕೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. 4,000 ಮೀಟರು ದಾಟುವ ಕಣಿವೆಮಾರ್ಗಗಳು ಈ ಎರಡು ಮೆಟ್ಟಿಲುಗಳನ್ನು ಹತ್ತಿದವರಿಗಾಗಿ ಕಾದಿರಲಿ.

ಋತುವೂ ಒಂದು ಆಯ್ಕೆ

ಒಂದೇ ಬೆಟ್ಟ ಜನವರಿಯಲ್ಲಿ ಮಿತ್ರ, ಮೇ ತಿಂಗಳಲ್ಲಿ ಶತ್ರು. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಒಣಹುಲ್ಲಿಗೆ ಹತ್ತಿದ ಕಾಡುಕಿಚ್ಚು ಇಪ್ಪತ್ತಕ್ಕೂ ಹೆಚ್ಚು ಚಾರಣಿಗರನ್ನು ಬಲಿ ತೆಗೆದುಕೊಂಡಿತು. ಶಿವರಾತ್ರಿಯಿಂದ ಮಳೆ ಬರುವವರೆಗೆ ದಕ್ಷಿಣದ ಹುಲ್ಲುಗುಡ್ಡಗಳನ್ನು ಬಿಡುವುದು ಲೇಸು. ಬಿಸಿಲಿನಲ್ಲಿ ಬೋಳು ಬಂಡೆಗಳ ಮೇಲೆ ನಡೆಯುವವನಿಗೆ ತಲೆಗೆ ಬಿಸಿಲು ಹೊಡೆಯುವ ಅಪಾಯ ಬೇರೆ. ಮಳೆಗಾಲದ ಸಹ್ಯಾದ್ರಿ ಅತ್ಯಂತ ರಮಣೀಯ. ಅಷ್ಟೇ ಮೋಸದ್ದೂ ಹೌದು. ಜಾರುವ ಬಂಡೆ, ಕ್ಷಣದಲ್ಲಿ ಉಕ್ಕುವ ಹಳ್ಳ, ಮಂಜಿನಲ್ಲಿ ಮಾಯವಾಗುವ ದಾರಿ ಇವು ಆಗಿನ ಅಪಾಯಗಳು. ಇಂಬಳ ಕಚ್ಚಿದರೆ ಹೆದರಬೇಕಾಗಿಲ್ಲ. ಆದರೆ ಕಾಲಿನ ಗಾಯದೊಂದಿಗೆ ಕೆಸರುನೀರಿನಲ್ಲಿ ನಡೆದವನಿಗೆ ಇಲಿಜ್ವರ ತಗಲಬಹುದು. ಹಿಂದಿರುಗಿದ ಮೇಲೆ ಜ್ವರ, ಮೈಕೈ ನೋವು ಬಂದರೆ ತಡಮಾಡಬಾರದು. ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಕಾಲವೇ ಸಹ್ಯಾದ್ರಿಯಲ್ಲಿ ಹೊಸಬರಿಗೆ ಯೋಗ್ಯವಾದದ್ದು.

ಹಿಮಾಲಯದಲ್ಲಿ ಬೇಸಗೆಯೂ ಬೇಸಗೆಯಲ್ಲ. ಪ್ರತಿ ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿಯಂತೆ ಉಷ್ಣತೆ ಇಳಿಯುತ್ತದೆ. ಅದರ ಮೇಲೆ ಮಳೆಯೂ ಗಾಳಿಯೂ ಕೂಡಿದರೆ ಒದ್ದೆಯಾದ ದೇಹ ತನ್ನ ಶಾಖವನ್ನು ಬೇಗನೆ ಕಳೆದುಕೊಳ್ಳುತ್ತದೆ. ದೇಹದ ಒಳಶಾಖ 35 ಡಿಗ್ರಿಗಿಂತ ಇಳಿದಾಗ ನಡುಕ, ತೊದಲು, ಎಡವುವಿಕೆ ಕಾಣುತ್ತವೆ. ನಡುಕ ತಾನಾಗಿ ನಿಂತರೆ ಅದು ಚೇತರಿಕೆಯಲ್ಲ, ಅಪಾಯ ಹೆಚ್ಚಿದುದರ ಚಿಹ್ನೆ. ಹತ್ತಿಬಟ್ಟೆ ಒದ್ದೆಯಾದರೆ ಬೆಚ್ಚಗಿಡದು. ಉಣ್ಣೆಯೋ ಬೇಗ ಒಣಗುವ ಕೃತಕ ನೂಲಿನದೋ ಬೇಕು. ನೀರು ಹೀರದ ಮೇಲಂಗಿ ಮತ್ತು ಒಂದು ಜೊತೆ ಒಣಬಟ್ಟೆ ಚೀಲದಲ್ಲಿರಲೇಬೇಕು. ಚಳಿ ತಗಲಿದವರನ್ನು ಗಾಳಿಯಿಂದ ಮರೆಮಾಡಿ, ಒದ್ದೆಬಟ್ಟೆ ತೆಗೆದು, ಬೆಚ್ಚಗೆ ಹೊದಿಸಿ, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಬೇಕು. ಮದ್ಯ ಕೊಡುವುದು ಹಾನಿಕರ.

ಹಿಂದಿರುಗುವ ಧೈರ್ಯ

ಹೊರಡುವ ಮುನ್ನ ತಂಡ ಒಂದು ಗಂಟೆಯನ್ನು ಗೊತ್ತುಮಾಡಿಕೊಳ್ಳಬೇಕು. ತುದಿ ಸಿಗಲಿ, ಸಿಗದಿರಲಿ, ಆ ಗಂಟೆಗೆ ಎಲ್ಲರೂ ಹಿಂದಿರುಗತಕ್ಕದ್ದು. ಎಲ್ಲಿಗೆ, ಯಾವ ದಾರಿಯಿಂದ, ಯಾವಾಗ ಮರಳುವೆವೆಂಬುದನ್ನು ಬರೆದು ಮನೆಯವರ ಕೈಗೂ ಬುಡದ ಹಳ್ಳಿಯವರಿಗೂ ಕೊಟ್ಟು ಹೋಗಬೇಕು. ಸ್ಥಳೀಯ ಮಾರ್ಗದರ್ಶಿ “ಇವತ್ತು ಬೇಡ” ಎಂದರೆ ಅದು ಕೊನೆಯ ಮಾತಾಗಬೇಕು. ರಜೆ ಮುಗಿಯಿತೆಂದೋ ಹಣ ಕೊಟ್ಟಾಗಿದೆಯೆಂದೋ ಬೆಟ್ಟ ತನ್ನ ನಿಯಮವನ್ನು ಸಡಿಲಿಸುವುದಿಲ್ಲ.

ಸಾಹಸವೆಂದರೆ ಅಪಾಯದ ಬಾಯಿಗೆ ತಲೆ ಕೊಡುವುದಲ್ಲ. ತನ್ನ ಶಕ್ತಿಯ ಗಡಿಯನ್ನು ಅರಿತು, ಅದನ್ನು ವರ್ಷ ವರ್ಷವೂ ಒಂದೊಂದು ಹೆಜ್ಜೆ ಮುಂದಕ್ಕೆ ಸರಿಸುವುದು. ಈ ವರ್ಷ ರಾಜಮಾಚಿ, ಬರುವ ವರ್ಷ ಕಳಸೂಬಾಯಿ, ಅದರಾಚೆ ಕುಮಾರಪರ್ವತ, ಬಳಿಕ ಹಿಮಾಲಯ ಎಂಬ ಕ್ರಮದಲ್ಲಿ ಏರುವ ಕುಟುಂಬಕ್ಕೆ ಬೆಟ್ಟಗಳ ಕೊರತೆ ಜೀವಮಾನವಿಡೀ ಬಾರದು. ಅರ್ಧದಾರಿಯಿಂದ ಮರಳಿದರೂ ನಷ್ಟವಿಲ್ಲ. ಶಿಖರ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಅದನ್ನು ಕಾಣಲು ಹೋದವರೂ ಮುಂದಿನ ವರ್ಷ ಇರಬೇಕೆಂಬುದೇ ಮನೆಯಲ್ಲಿ ಕಾಯುವವರ ಹಾರೈಕೆ.